ಚಾರಣದ ಲೋಟ



74 ವರ್ಷದ ಮನುಷ್ಯನೊಬ್ಬ ಅಡುಗೆಮನೆಯ ತಕ್ಕಡಿಯ ಮುಂದೆ ಕುಳಿತು, ಕಪಾಟಿನಲ್ಲಿದ್ದ ಲೋಟಗಳನ್ನೆಲ್ಲ ಒಂದೊಂದಾಗಿ ತೂಗಿ, ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರೆ ಮನೆಯವರು ಏನೆಂದುಕೊಳ್ಳಬೇಕು? ಕಳೆದ ತಿಂಗಳು ನಮ್ಮ ಮನೆಯಲ್ಲಿ ನಡೆದದ್ದು ಇದೇ. "ಪಾತ್ರೆ ಅಂಗಡಿ ಇಡುವ ಯೋಚನೆಯೋ ಹೇಗೆ?" ಎಂದು ನನ್ನ ಹೆಂಡತಿ ಕೇಳಿದಳು. ಇಂತಹ ಪ್ರಶ್ನೆಗಳಿಗೆ ಉತ್ತರ ಕೊಡದಿರುವುದೇ ಕ್ಷೇಮವೆಂಬುದನ್ನು ದಾಂಪತ್ಯ ನನಗೆ ಕಲಿಸಿದೆ.

ವಿಷಯವಿಷ್ಟೇ. 1980-81ರಲ್ಲಿ ನನ್ನ ಬಳಿ ಒಂಬತ್ತನೆಯ ತರಗತಿಯಲ್ಲಿ ಓದಿದವರು ಈ ಚಳಿಗಾಲದಲ್ಲಿ ಮತ್ತೊಮ್ಮೆ ಕೊಡಚಾದ್ರಿ ಏರಬೇಕೆಂದು ಸಂಕಲ್ಪ ಮಾಡಿದ್ದಾರೆ. ಅವರೆಲ್ಲ ಈಗ 60ರ ಹೊಸ್ತಿಲಲ್ಲಿ ನಿಂತವರು. "ಮೇಷ್ಟ್ರು ಬರಲೇಬೇಕು. ಇಳಿಯುವಾಗ ಜೀಪಿನಲ್ಲಿ ಬಂದರಾಯಿತು" ಎಂಬುದು ಅವರ ಒತ್ತಾಯ. ನನ್ನ ಮಂಡಿಗಳು ಇದಕ್ಕೆ ಅರೆಮನಸ್ಸಿನಿಂದ ಒಪ್ಪಿವೆ. ಆದರೆ ಬೆನ್ನಿನ ಮೇಲೆ ನಾಲ್ಕು ಕಿಲೋಗಿಂತ ಹೆಚ್ಚು ಹೊರಕೂಡದೆಂದು ಮೊಮ್ಮಗಳು ಕಟ್ಟಪ್ಪಣೆ ಮಾಡಿದ್ದಾಳೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಅವಳಿಗೆ ರಜೆ ಸಿಕ್ಕಿತೆಂದರೆ ಬೆಟ್ಟ ಹತ್ತುವ ಹುಚ್ಚು. ಹಬ್ಬಕ್ಕೆಂದು ಬಂದಿದ್ದಾಗ ನನಗಾಗಿ ಒಂದು ಪಟ್ಟಿ ಬರೆದುಕೊಟ್ಟಳು. ಟಾರ್ಚು ಇಷ್ಟು ಗ್ರಾಂ, ಹೊದಿಕೆ ಇಷ್ಟು ಗ್ರಾಂ ಎಂದು ಎಲ್ಲದರ ಮುಂದೆಯೂ ತೂಕವಿತ್ತು. ಒಂದೇ ಒಂದು ಸಾಲಿನ ಮುಂದೆ ಮಾತ್ರ ಪ್ರಶ್ನಾರ್ಥಕ ಚಿಹ್ನೆ: "ಬಿಸಿ ಕಾಫಿಗೆ ಹಗುರವಾದ ಲೋಟ - ?"

"ಅಜ್ಜ, ನೀವು ವಿಜ್ಞಾನದ ಮೇಷ್ಟ್ರಲ್ಲವೇ? ಇದನ್ನು ನೀವೇ ತೀರ್ಮಾನ ಮಾಡಿ" ಎಂದಳು.

ಅಷ್ಟು ಸಾಕಾಯಿತು ನನಗೆ. ನಿವೃತ್ತ ಮೇಷ್ಟರಿಗೆ ಹೋಂವರ್ಕ್ ಸಿಕ್ಕಂತಾಯಿತು.

ಚಾರಣಕ್ಕೆ ಹೋಗುವವರಿಗೆ ಉಪಯೋಗವಾದೀತೆಂದು ನನ್ನ ಪರೀಕ್ಷೆಯ ಫಲಿತಾಂಶವನ್ನು ಮೊದಲು ಬರೆದುಬಿಡುತ್ತೇನೆ. ನನ್ನ ಅಮ್ಮ ಬಳಸುತ್ತಿದ್ದ ಹಿತ್ತಾಳೆಯ ಲೋಟ 210 ಗ್ರಾಂ ತೂಗಿತು. ಅದನ್ನು ಹೊತ್ತು ಬೆಟ್ಟ ಹತ್ತುವುದು ಭಕ್ತಿಯಾದೀತೇ ಹೊರತು ಬುದ್ಧಿವಂತಿಕೆಯಾಗದು. ಕಬ್ಬಿಣದ ಮೇಲೆ ಗಾಜಿನ ಲೇಪ ಕೊಟ್ಟ ಎನಾಮಲ್ ಮಗ್ಗು 170 ಗ್ರಾಂ. ನೋಡಲು ಅಂದವಾದರೂ ಕಲ್ಲಿಗೆ ತಾಗಿ ಲೇಪ ಸಿಡಿದರೆ ಆ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಎರಡು ಪದರಗಳ ನಡುವೆ ನಿರ್ವಾತವಿರುವ ಸ್ಟೀಲ್ ಮಗ್ಗು 190 ಗ್ರಾಂ. ಅದರಲ್ಲಿ ಕಾಫಿ ಬಹಳ ಹೊತ್ತು ಬಿಸಿಯಾಗಿರುತ್ತದೆ, ಕೈಯೂ ಸುಡುವುದಿಲ್ಲ. ಆದರೆ ಅದನ್ನು ಎಂದೂ ಒಲೆಯ ಮೇಲೆ ಇಡಬಾರದು. ನಾವು ದಿನವೂ ಕಾಫಿ ಕುಡಿಯುವ ಸಾಮಾನ್ಯ ಸ್ಟೀಲ್ ಲೋಟ 85 ಗ್ರಾಂ. ಮೊಮ್ಮಗಳು ಗೆಳತಿಯಿಂದ ಎರವಲು ತಂದಿದ್ದ ಟೈಟಾನಿಯಂ ಮಗ್ಗು, 450 ಮಿಲಿಲೀಟರ್ ಹಿಡಿಯುವಂಥದ್ದು, ಬರೀ 65 ಗ್ರಾಂ. ಹಳೆಯ ಅಲ್ಯೂಮಿನಿಯಂ ಲೋಟ 45 ಗ್ರಾಂ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಲೋಟ 40 ಗ್ರಾಂ.

ತೂಕವೊಂದನ್ನೇ ನೋಡುವುದಾದರೆ ಲೆಕ್ಕ ಸುಲಭ. ನೀರಿನ ಸಾಂದ್ರತೆ 1 ಎಂದಾದರೆ ಅಲ್ಯೂಮಿನಿಯಮ್ಮಿನದು 2.7, ಟೈಟಾನಿಯಮ್ಮಿನದು 4.5, ಸ್ಟೀಲಿನದು ಸುಮಾರು 8. ಹಾಗಿದ್ದರೆ ಅಲ್ಯೂಮಿನಿಯಂ ಲೋಟ ತೆಗೆದುಕೊಂಡರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಏಕೆಂದರೆ ಲೋಟವನ್ನು ಹೊರುವುದು ಬೆನ್ನಾದರೂ ಅದರ ಬಿಸಿಯನ್ನು ಉಣ್ಣುವುದು ತುಟಿ. ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು 15 ಪಟ್ಟು ಹೆಚ್ಚು ವೇಗವಾಗಿ ಉಷ್ಣವನ್ನು ಸಾಗಿಸುತ್ತದೆ. ಕಾಫಿ ಸುರಿದ ಕ್ಷಣದಿಂದಲೇ ಬಿಸಿ ಗೋಡೆಯನ್ನೇರಿ ಅಂಚಿಗೆ ಬಂದು ಕುಳಿತಿರುತ್ತದೆ. ಕುಡಿಯಲು ಹೋದರೆ ತುಟಿ ಸುಡುತ್ತದೆ. ತುಟಿ ಸುಡದಷ್ಟು ಹೊತ್ತು ಕಾದರೆ, ಬೆಟ್ಟದ ಗಾಳಿಗೆ ಕಾಫಿ ತಣ್ಣಗಾಗಿರುತ್ತದೆ. ಸ್ಟೀಲು, ಟೈಟಾನಿಯಂ ಎರಡೂ ಲೋಹಗಳಾದರೂ ಉಷ್ಣದ ಮಟ್ಟಿಗೆ ಸೋಮಾರಿಗಳು. ಪ್ಲಾಸ್ಟಿಕ್ಕಂತೂ ಆ ಕೆಲಸವನ್ನೇ ಬಿಟ್ಟುಬಿಟ್ಟ ಜಾತಿ.

ನಮ್ಮ ಕಾಫಿ ಲೋಟಕ್ಕೆ ಹೊರಚಾಚಿದ ಅಂಚು ಏಕಿದೆಯೆಂದು ತರಗತಿಯಲ್ಲಿ ನಾನು ಕೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಲೋಟವನ್ನು ಮುಕ್ಕಾಲು ಪಾಲು ಮಾತ್ರ ತುಂಬಿಸಿ, ಆ ಅಂಚನ್ನು ಎರಡು ಬೆರಳಲ್ಲಿ ಹಿಡಿದರೆ ಕೈ ಸುಡುವುದಿಲ್ಲ. ಎತ್ತಿ ಕುಡಿದರೆ ತುಟಿಯೂ ಸುಡುವುದಿಲ್ಲ. ಹಿಡಿಕೆಯ ತೂಕವೂ ಉಳಿಯಿತು. ನಮ್ಮ ಹಿರಿಯರು ಚಾರಣಿಗರಲ್ಲದಿದ್ದರೂ ಗ್ರಾಂ ಉಳಿಸಲು ಬಲ್ಲವರಾಗಿದ್ದರು.

ಇನ್ನೂ ಒಂದೆರಡು ಸಂಗತಿಗಳಿವೆ. ಎತ್ತರಕ್ಕೆ ಹೋದಂತೆ ನೀರು ಕುದಿಯುವ ಉಷ್ಣತೆ ಇಳಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ. ಕೊಡಚಾದ್ರಿಯ ಎತ್ತರ 1343 ಮೀಟರ್. ಅಲ್ಲಿ ನೀರು ಕುದಿಯುವುದು 95-96 ಡಿಗ್ರಿಯಲ್ಲಿ. ತುಟಿ ಸುಡಲು ಅದು ಧಾರಾಳವಾಗಿ ಸಾಕು. ಲೋಟದ ಬಾಯಿ ಅಗಲವಾದಷ್ಟೂ ಕಾಫಿ ಬೇಗ ಆರುತ್ತದೆ. ದೊಡ್ಡ ಮಗ್ಗನ್ನು ತುಂಬಿಸಿಕೊಂಡರೆ ಕೊನೆಯ ಗುಟುಕುಗಳು ತಣ್ಣಗಾಗಿರುತ್ತವೆ. 200-250 ಮಿಲಿಲೀಟರಿನ ಲೋಟದಲ್ಲಿ ಎರಡು ಸಲ ಹಾಕಿಸಿಕೊಳ್ಳುವುದೇ ಮೇಲು. ಟೈಟಾನಿಯಂ ಮಗ್ಗಿನ ದೊಡ್ಡ ಗುಣವೆಂದರೆ ಅದನ್ನೇ ನೇರವಾಗಿ ಒಲೆಯ ಮೇಲಿಟ್ಟು ನೀರು ಕಾಯಿಸಬಹುದು. ಹಿಮಾಲಯಕ್ಕೆ ಹೋಗುವವರಿಗೆ ಅದು ಲಾಭ. ಆದರೆ ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದಲ್ಲಿ. ಅಲ್ಲಿ ಬೆಂಕಿ ಹಾಕುವಂತಿಲ್ಲ, ಹಾಕಲೂಬಾರದು. ಫ್ಲಾಸ್ಕಿನಲ್ಲಿ ಒಯ್ದ ಕಾಫಿಯನ್ನು ಬಗ್ಗಿಸಿಕೊಳ್ಳಲು ಎರಡು ಸಾವಿರ ರೂಪಾಯಿಗೂ ಮೇಲ್ಪಟ್ಟ ಮಗ್ಗು ಏಕೆ? ಇನ್ನು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಕಾಗದದ ಲೋಟ ಪರವಾಗಿಲ್ಲವೆಂದುಕೊಳ್ಳುವವರು ಅದರ ಒಳಮೈಯನ್ನು ಉಗುರಿನಿಂದ ಕೆರೆದು ನೋಡಲಿ. ಕಾಫಿ ಸೋರದಂತೆ ತೆಳ್ಳಗಿನ ಪ್ಲಾಸ್ಟಿಕ್ ಪದರ ಅಲ್ಲಿಯೂ ಇರುತ್ತದೆ.

ಇಷ್ಟನ್ನೂ ಬರೆದು ಮುಗಿಸುವ ಹೊತ್ತಿಗೆ ಮೊಮ್ಮಗಳು ಹಿತ್ತಲಿನಿಂದ ಒಂದು ತೆಂಗಿನ ಕರಟವನ್ನು ತಂದು ತಕ್ಕಡಿಯ ಮೇಲಿಟ್ಟಳು. 60 ಗ್ರಾಂ.

"ಅಜ್ಜ, ಇದನ್ನು ಮರೆತಿರಲ್ಲ! ಹಗುರ, ಕೈ ಸುಡಲ್ಲ, ತುಟಿ ಸುಡಲ್ಲ, ದುಡ್ಡಿಲ್ಲ, ಎಸೆದರೆ ಮಣ್ಣಲ್ಲಿ ಮಣ್ಣಾಗುತ್ತೆ. ಈಗ ಇದನ್ನೇ ಹೊಳಪು ಮಾಡಿ ನೂರಾರು ರೂಪಾಯಿಗೆ ಮಾರ್ತಾರೆ. ಇದಕ್ಕೇ ಮೊದಲ ಸ್ಥಾನ, ಬರೆಯಿರಿ."

ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ನನಗೆ ಬರೆಯಲಾಗಲಿಲ್ಲ. ಪೆನ್ನನ್ನು ಮುಚ್ಚಿಟ್ಟು ಎದ್ದುಬಿಟ್ಟೆ. ಏಕೆಂದು ಅವಳು ಕೇಳಿದಳು. ಅವಳಿಗೆ ಅಂದು ರಾತ್ರಿ ಹೇಳಿದ್ದನ್ನು ಇಂದು ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ.

1980ರ ಡಿಸೆಂಬರ್. ನನಗೆ ಆಗ 30ರ ಆಸುಪಾಸು. 22 ಹುಡುಗರು, ನಾನು ಮತ್ತು ನಮ್ಮ ದೈಹಿಕ ಶಿಕ್ಷಕರು ಕೊಡಚಾದ್ರಿಗೆ ಹೊರಟೆವು. (ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವ ಧೈರ್ಯ ನಮಗಿರಲಿಲ್ಲ. ಆ ತಪ್ಪಿನ ಲೆಕ್ಕ ಬೇರೆಯೇ ಇದೆ.) ಎಲ್ಲರೂ ಒಂದು ತಟ್ಟೆ, ಒಂದು ಲೋಟ, ಒಂದು ಹೊದಿಕೆ ತರಬೇಕೆಂದು ಹೇಳಿದ್ದೆ. ಸಂಜೆ ಸರ್ವಜ್ಞಪೀಠದ ಕಲ್ಲುಮಂಟಪದ ಬಳಿ ನಿಂತು, ದೂರದ ಅರಬ್ಬೀ ಸಮುದ್ರದ ಕಡೆಗೆ ಸೂರ್ಯ ಇಳಿಯುವುದನ್ನು ನೋಡಿದೆವು. ಕೆಳಗಿಳಿದು ಬಯಲಿನಲ್ಲಿ ರಾತ್ರಿ ಕಳೆದೆವು. ಬೆಳಗಿನ ಜಾವದ ಚಳಿಗೆ ಹುಡುಗರ ಹಲ್ಲುಗಳು ಕಟಕಟಿಸುತ್ತಿದ್ದವು. ಮೂರು ಕಲ್ಲು ಹೂಡಿ, ಪುರಲೆ ಒಟ್ಟಿ, ದೊಡ್ಡ ಪಾತ್ರೆಯಲ್ಲಿ ಬೆಲ್ಲದ ಕಾಫಿ ಕಾಯಿಸಿದೆವು. ಕಾಡಿನಲ್ಲಿ ಬೆಂಕಿ ಹಾಕಬಾರದೆಂಬ ತಿಳಿವಳಿಕೆಯೂ ಆಗ ನಮಗಿರಲಿಲ್ಲ.

ಹೆಚ್ಚಿನವರು ತಂದದ್ದು ಅಲ್ಯೂಮಿನಿಯಂ ಲೋಟ. ಬಡವರ ಮನೆಯ ಪಾತ್ರೆಯೆಂದರೆ ಆಗ ಅದೇ. ಕಾಫಿ ಬಿದ್ದದ್ದೇ ತಡ, "ಉಸ್", "ಅಬ್ಬಾ" ಎಂಬ ಉದ್ಗಾರಗಳು. ಒಬ್ಬ ಅಂಗಿಯ ತುದಿಯಲ್ಲಿ ಲೋಟ ಹಿಡಿದ, ಇನ್ನೊಬ್ಬ ನೆಲಕ್ಕಿಟ್ಟು ಊದತೊಡಗಿದ. ಗುಂಪಿನ ಅಂಚಿನಲ್ಲಿ ಒಬ್ಬ ಹುಡುಗ ಮಾತ್ರ ನಿಶ್ಚಿಂತೆಯಿಂದ ಎರಡೂ ಅಂಗೈಗಳಲ್ಲಿ ತನ್ನ ಪಾತ್ರೆಯನ್ನು ಹಿಡಿದು ಕುಡಿಯುತ್ತಿದ್ದ. ಅದು ತೆಂಗಿನ ಕರಟ. ನಯವಾಗಿ ಹೆರೆದು, ಅಂಚನ್ನು ಉಜ್ಜಿ, ಪಕ್ಕದಲ್ಲಿ ರಂಧ್ರ ಕೊರೆದು ದಾರ ಪೋಣಿಸಿದ ಕರಟ.

ನನ್ನೊಳಗಿನ ವಿಜ್ಞಾನದ ಮೇಷ್ಟರು ಎದ್ದು ನಿಂತರು. "ಎಲ್ಲರೂ ಇಲ್ಲಿ ನೋಡಿ!" ಎಂದೆ. ನನ್ನ ಅಲ್ಯೂಮಿನಿಯಂ ಲೋಟದ ಅಂಚನ್ನು ಒಬ್ಬೊಬ್ಬರಿಂದಲೂ ಮುಟ್ಟಿಸಿದೆ. ಉಷ್ಣದ ಉತ್ತಮ ವಾಹಕ ಯಾವುದು, ಮಂದ ವಾಹಕ ಯಾವುದು ಎಂದು ಪಾಠ ಮಾಡಿದೆ. "ನಿಮ್ಮೆಲ್ಲರಿಗಿಂತ ಬುದ್ಧಿವಂತ ಇವನೇ. ಹಗುರವಾದದ್ದನ್ನು ತಂದಿದ್ದಾನೆ, ಸುಡದೇ ಇರುವುದನ್ನು ತಂದಿದ್ದಾನೆ" ಎಂದು ಹುಡುಗನನ್ನು ಬಾಯ್ತುಂಬ ಹೊಗಳಿದೆ. 21 ಜೊತೆ ಕಣ್ಣುಗಳು ಅವನ ಕೈಯಲ್ಲಿದ್ದ ಕರಟದ ಮೇಲೆ ನೆಟ್ಟವು. ಅವನು ತಲೆ ತಗ್ಗಿಸಿದ. ನಾಚಿಕೆಯ ಸ್ವಭಾವದ ಹುಡುಗ ಎಂದುಕೊಂಡೆ. ಬೆಟ್ಟದ ಮೇಲೆ ಮಾಡಿದ ಆ ಪಾಠದ ಬಗ್ಗೆ ಶಿಕ್ಷಕರ ಕೋಣೆಯಲ್ಲಿ ಹಲವು ಸಲ ಹೇಳಿಕೊಂಡೆ. ನಾನು ಮಾಡಿದ ಅತ್ಯುತ್ತಮ ಪಾಠ ಅದೆಂದು ಎರಡು ತಿಂಗಳ ಕಾಲ ನಂಬಿದ್ದೆ.

1981ರ ಫೆಬ್ರವರಿಯಲ್ಲಿ ಜನಗಣತಿ ಬಂತು. ಶಾಲೆಗೆ ಕೆಲವು ಮೈಲಿ ದೂರದ ಒಂದು ಹಳ್ಳಿ ನನ್ನ ಪಾಲಿಗೆ ಬಂತು. ಆ ಹುಡುಗನ ಊರು ಅದೇ. ಊರಿನ ಮನೆಗಳನ್ನು ಎರಡು ದಿನ ಎಣಿಸಿ, ಮೂರನೆಯ ದಿನ ಊರಾಚೆಯ ಕೇರಿಗೆ ಹೋದೆ. ಹುಡುಗನ ತಾಯಿ ಹೊರಗೆ ಬಂದು, "ನಮ್ಮ ಹುಡುಗ ಈಗ್ಲೂ ನಿಮ್ಮ ಬೆಟ್ಟದ್ ಮಾತೇ ಆಡ್ತಾನೆ ಸ್ವಾಮೀ" ಎಂದರು. ಸಂತೋಷವಾಯಿತು. ಹೊಸ್ತಿಲ ಹೊರಗೆ ನಿಂತು ಅವರ ಮನೆಯ ಜನರ ಹೆಸರು, ವಯಸ್ಸು, ಕಸುಬು, ಜಾತಿಗಳನ್ನು ನಮೂನೆಯಲ್ಲಿ ತುಂಬಿಕೊಂಡೆ. ಬಿಸಿಲಿಗೆ ಗಂಟಲು ಒಣಗಿತ್ತು. ಕೇರಿಯ ಕೆಲಸ ಮುಗಿಸಿ, ಬಸ್ಸು ನಿಲ್ಲುವಲ್ಲಿನ ಚಹಾದಂಗಡಿಗೆ ಬಂದು ಕುಳಿತೆ.

ಅಂಗಡಿಯವನು ಗಾಜಿನ ಲೋಟದಲ್ಲಿ ಚಹಾ ಕೊಟ್ಟ. ಕುಡಿಯುತ್ತ ತಲೆಯೆತ್ತಿದಾಗ ಸೂರಿನ ಸಂದಿಯಲ್ಲಿ ಸಾಲಾಗಿ ಸಿಕ್ಕಿಸಿಟ್ಟ ಕರಟಗಳು ಕಂಡವು. ಅಷ್ಟರಲ್ಲಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡಿದ್ದ ಹಿರಿಯರೊಬ್ಬರು ಬಂದರು. ಬೆಳಿಗ್ಗೆ ತಾನೇ ಕೇರಿಯಲ್ಲಿ ಅವರ ಹೆಸರನ್ನು ನಾನು ಬರೆದುಕೊಂಡಿದ್ದೆ. ಅವರು ಒಳಗೆ ಬರಲಿಲ್ಲ. ಸೂರಿನಿಂದ ಒಂದು ಕರಟವನ್ನು ಎಳೆದುಕೊಂಡು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಅಂಗಡಿಯವನು ಮೇಲಿನಿಂದ, ಪಾತ್ರೆಗೆ ಪಾತ್ರೆ ತಾಗದಂತೆ, ಚಹಾ ಸುರಿದ. ಅವರು ಕುಡಿದು, ಕರಟವನ್ನು ತಾವೇ ತೊಳೆದು, ಅದಿದ್ದಲ್ಲಿಗೇ ಸಿಕ್ಕಿಸಿ, ದುಡ್ಡನ್ನು ಕಟ್ಟೆಯ ಮೇಲಿಟ್ಟು ಹೋದರು. ಒಂದು ಮಾತೂ ಇಲ್ಲ. ಎಷ್ಟೋ ವರ್ಷಗಳಿಂದ ನಡೆದುಕೊಂಡು ಬಂದ ಕೆಲಸಕ್ಕೆ ಮಾತೇಕೆ?

ಯಾರಿಗಾದರೂ ಏನೂ ದಕ್ಕದಿದ್ದಾಗ "ಕೈಗೆ ಚಿಪ್ಪು ಬಂತು" ಎಂದು ನಾವು ನಗುತ್ತ ಹೇಳುತ್ತೇವೆ. ಚಿಪ್ಪನ್ನು ನಿಜವಾಗಿಯೂ ಕೈಗೆ ಕೊಡುವುದನ್ನು ನಾನು ಅಂದು ನೋಡಿದೆ. ಹೋಟೆಲಿನ ಪಾತ್ರೆಗಳನ್ನು ಬಳಸಲು ಯಾರಿಗೂ ಅಡ್ಡಿಪಡಿಸಬಾರದೆಂಬ ಕಾನೂನು 1955ರಲ್ಲೇ ಬಂದಿತ್ತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಿಟ್ಟಿದ್ದರು. ಅಸ್ಪೃಶ್ಯತೆಯನ್ನು ತೊಡೆದುಹಾಕಿದ ಸಂವಿಧಾನದ 17ನೆಯ ವಿಧಿಯನ್ನು ನಮ್ಮ ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಲಾಗಿತ್ತು. ನಾನು ಸರಕಾರಿ ನೌಕರ. ಬಗಲಲ್ಲಿ ಸರಕಾರದ ಕಾಗದಗಳಿದ್ದವು. ನಾನೇನು ಮಾಡಿದೆ? ಉಳಿದ ಚಹಾ ಕುಡಿದೆ, ದುಡ್ಡು ಕೊಟ್ಟೆ, ಸೈಕಲ್ಲು ಹತ್ತಿದೆ.

ದಾರಿಯುದ್ದಕ್ಕೂ ಬೆಟ್ಟದ ಪಾಠ ನೆನಪಾಗುತ್ತಿತ್ತು. ಆ ಹುಡುಗ ಕರಟ ತಂದದ್ದು ಉಷ್ಣವಾಹಕತೆಯ ಜ್ಞಾನದಿಂದಲ್ಲ. ಎಲ್ಲರೂ ಕೂಡಿ ಕುಡಿಯುವಲ್ಲಿ ತನ್ನ ಪಾತ್ರೆ ಯಾವುದಿರಬೇಕೆಂದು ಊರು ಅವನಿಗೆ ಮೊದಲೇ ಕಲಿಸಿತ್ತು. ಅದನ್ನು 21 ಮಂದಿಯ ಮುಂದೆ ಎತ್ತಿ ತೋರಿಸಿ, "ಬುದ್ಧಿವಂತ" ಎಂದು ಹೊಗಳಿದವನು ನಾನು.

ಆ ವರ್ಷ ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ನನ್ನ ಸಂಬಳದಿಂದ 30 ಅಲ್ಯೂಮಿನಿಯಂ ಲೋಟಗಳನ್ನು ಕೊಂಡು ಪ್ರಯೋಗಾಲಯದ ಕಪಾಟಿನಲ್ಲಿಟ್ಟೆ. ಎಲ್ಲವೂ ಒಂದೇ ಅಳತೆ, ಒಂದೇ ಆಕಾರ. ಪ್ರವಾಸಕ್ಕೆ ಯಾರೂ ಮನೆಯಿಂದ ಲೋಟ ತರಕೂಡದು, ಶಾಲೆಯ ಲೋಟದಲ್ಲೇ ಕುಡಿಯಬೇಕು, ಕುಡಿದ ಲೋಟಗಳನ್ನು ಒಟ್ಟಿಗೆ ತೊಳೆದು ಒಂದೇ ಚೀಲದಲ್ಲಿ ತುಂಬಬೇಕು ಎಂದು ನಿಯಮ ಮಾಡಿದೆ. 1981ರ ನಂತರ ನನ್ನೊಡನೆ ಪ್ರವಾಸಕ್ಕೆ ಬಂದವರೆಲ್ಲ ಆ ಲೋಟಗಳಿಂದ ತುಟಿ ಸುಟ್ಟುಕೊಂಡವರೇ. "ವಿಜ್ಞಾನದ ಮೇಷ್ಟರಾಗಿ ಇಂಥ ಲೋಟ ತಂದಿದ್ದಾರಲ್ಲ" ಎಂದು ನೀವು ಬೆನ್ನ ಹಿಂದೆ ನಗುತ್ತಿದ್ದುದು ನನಗೆ ಗೊತ್ತಿತ್ತು. ಮನೆಯಿಂದ ಒಳ್ಳೆಯ ಸ್ಟೀಲ್ ಲೋಟ ತಂದವರನ್ನು ಗದರಿದ್ದೂ ಉಂಟು. ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಇಂದು ಹೇಳಿದ್ದೇನೆ. ತುಟಿ ಸುಟ್ಟದ್ದಕ್ಕೆ ಕ್ಷಮಿಸಿ.

ಆದರೆ ಕ್ಷಮೆ ಕೇಳಬೇಕಾದವನೊಬ್ಬನಲ್ಲಿ ಮಾತ್ರ ಕೇಳಲಿಲ್ಲ. ಅವನು ಹತ್ತನೆಯ ತರಗತಿ ಮುಗಿಸಿ, ಕಾಲೇಜು ಸೇರಿ, ಬ್ಯಾಂಕಿನಲ್ಲಿ ಕೆಲಸ ಹಿಡಿದ. ಆಗ ಅವನು, ಈಗ ಅವರು. ಬ್ಯಾಂಕಿನ ಅಧಿಕಾರಿಯಾಗಿ ಇನ್ನೇನು ನಿವೃತ್ತರಾಗಲಿದ್ದಾರೆ. ಪ್ರತಿ ಯುಗಾದಿಗೂ ನನಗೆ ಫೋನು ಮಾಡುತ್ತಾರೆ. ಮದುವೆಗೆ ಕರೆದಿದ್ದರು, ಹೋಗಿ ಊಟ ಮಾಡಿ ಬಂದಿದ್ದೇನೆ. ಆದರೂ ಆ ವಿಷಯ ನಮ್ಮ ನಡುವೆ ಬಂದದ್ದಿಲ್ಲ. ಈ ಸಲ ಕೊಡಚಾದ್ರಿಯ ಏರ್ಪಾಟಿಗೆಂದು ಫೋನು ಮಾಡಿದ್ದವರೂ ಅವರೇ. ಕರಟವನ್ನು ತೂಗಿದ ಮರುದಿನ ನಾನೇ ಅವರಿಗೆ ಫೋನು ಮಾಡಿದೆ. ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ, ಬೆಟ್ಟದ ಪಾಠ, ಚಹಾದಂಗಡಿ, 30 ಲೋಟ. "ಗೊತ್ತಿಲ್ಲದೆ ನಿನ್ನ ಮನಸ್ಸು ನೋಯಿಸಿದೆ, ಮಾರಾಯ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವರು ಹೇಳಿದರು: "ಸಾರ್, ಅದು ಅಂಗಡಿಯ ಕರಟ ಅಲ್ಲ. ಮನೆಯಲ್ಲಿ ಇದ್ದ ಒಂದು ಲೋಟದಲ್ಲಿ ತಂಗಿ ಗಂಜಿ ಕುಡೀತಿದ್ದಳು. ಅದನ್ನು ತರೋ ಹಾಗಿರಲಿಲ್ಲ. ಅವ್ವ ಎರಡು ರಾತ್ರಿ ಕೂತು ಗಾಜಿನ ಚೂರಲ್ಲಿ ಆ ಕರಟ ಹೆರೆದು ಕೊಟ್ಟಳು. ಯಾರ ಲೋಟಕ್ಕೂ ಕೈ ಚಾಚಬೇಡ, ಇದು ನಿಂದು ಅಂದಳು. ನೀವು ಹೊಗಳಿದಾಗ ಮೊದಲು ಖುಷಿನೇ ಆಯ್ತು ಸಾರ್. ಅವ್ವನಿಗೆ ಹೇಳಬೇಕು ಅನ್ನಿಸ್ತು. ಹೇಳಿದೆ ಕೂಡ."

ನನಗೆ ಎದೆ ಹಗುರವಾದಂತಾಯಿತು. "ಹಾಗಾದರೆ ತಲೆ ತಗ್ಗಿಸಿದ್ದು ಏಕೆ?" ಎಂದು ಕೇಳಿದೆ. ಕೇಳಬಾರದಿತ್ತೇನೋ. ಇಲ್ಲ, ಕೇಳಿದ್ದೇ ಒಳ್ಳೆಯದಾಯಿತು.

"ನಿಮ್ಮ ಲೋಟವನ್ನು ಎಲ್ಲರ ಕೈಗೂ ಕೊಟ್ಟು ಮುಟ್ಟಿಸಿದಿರಿ ಸಾರ್. ಕರಟವನ್ನೂ ಹಾಗೇ ಕೊಡಿಸ್ತೀರಿ ಅಂತ ಕೈ ಮುಂದೆ ಮಾಡಿದ್ದೆ. ನೀವು ದೂರದಿಂದಲೇ ತೋರಿಸಿದಿರಿ. ಯಾರೂ ಮುಟ್ಟಲಿಲ್ಲ. ನೀವೂ ಮುಟ್ಟಲಿಲ್ಲ." ಇಷ್ಟು ಹೇಳಿ, ಅವರೇ ಮಾತು ಬದಲಿಸಿದರು: "ಇರಲಿ ಬಿಡಿ ಸಾರ್. ಆವತ್ತು ನೀವು ಕರೆದುಕೊಂಡು ಹೋಗದೇ ಇದ್ದಿದ್ರೆ ನಾನು ಸಮುದ್ರ ನೋಡ್ತಿದ್ದೆನಾ? ಜೀಪಿಗೆ ಎಷ್ಟು ಜನ ಅಂತ ಹೇಳಲಿ?"

ಫೋನು ಕೆಳಗಿಟ್ಟ ಮೇಲೆ ಬಹಳ ಹೊತ್ತು ಜಗುಲಿಯಲ್ಲಿ ಕುಳಿತಿದ್ದೆ. ನಾಲ್ಕು ದಶಕಗಳ ಕಾಲ ನಾನು ಹೊತ್ತುಕೊಂಡು ಬಂದದ್ದು ಅಜ್ಞಾನದ ತಪ್ಪನ್ನು. ಗೊತ್ತಿರಲಿಲ್ಲ, ಆದ್ದರಿಂದ ತಪ್ಪಾಯಿತು, ಗೊತ್ತಾದ ಮೇಲೆ 30 ಲೋಟ ಕೊಂಡು ತಿದ್ದಿಕೊಂಡೆ ಎಂಬ ಸಮಾಧಾನ ಅದರೊಳಗೇ ಇತ್ತು. ಅದು ಸಾಕಷ್ಟು ಹಗುರವಾದ ಹೊರೆ. ನಿಜವಾದ ತಪ್ಪು ಬೇರೆಯಿತ್ತು. ಅದನ್ನು ನನ್ನ ತಲೆಯಲ್ಲ, ನನ್ನ ಕೈ ಮಾಡಿತ್ತು. ತೀರ ಸಹಜವಾಗಿ, ಯೋಚಿಸದೆಯೇ ಮಾಡಿತ್ತು. ಆಗ ಮತ್ತೊಂದು ನೆನಪು ತಾನಾಗಿಯೇ ಎದ್ದು ಬಂತು. ಫೆಬ್ರವರಿಯ ಆ ಬಿಸಿಲಿನಲ್ಲಿ ಗಂಟಲು ಒಣಗಿ ನಿಂತಿದ್ದಾಗ ಆ ತಾಯಿಯ ಹೊಸ್ತಿಲಲ್ಲಿ ನಾನು ನೀರು ಕೇಳಿರಲಿಲ್ಲ. ಕೊಡಲು ಅವರಿಗೆ ಧೈರ್ಯವಿರಲಿಲ್ಲ, ಕೇಳಲು ನನಗೆ ತೋಚಲಿಲ್ಲ. ಒಳಗೆ ಒಂದು ಲೋಟವಂತೂ ಇತ್ತು. ನಾನು ಸೈಕಲ್ಲು ತಳ್ಳಿಕೊಂಡು ಚಹಾದಂಗಡಿಗೆ ಹೋದೆ. ಅಲ್ಲಿ ಕರಟಗಳನ್ನು ನೋಡಿ ಅಂಗಡಿಯವನ ಮೇಲೆ ಮನಸ್ಸಿನಲ್ಲೇ ಸಿಟ್ಟಾದೆ.

ಆ ತಾಯಿ ತೀರಿಕೊಂಡು ಹತ್ತು ವರ್ಷಗಳಾದವಂತೆ. ಇನ್ನು ಆ ಹೊಸ್ತಿಲಲ್ಲಿ ನೀರು ಕೇಳುವಂತಿಲ್ಲ.

ಇದನ್ನು ಬರೆಯಬಹುದೇ ಎಂದು ಅವರನ್ನು ಕೇಳಿದೆ. "ಹೆಸರು ಬೇಡ ಸಾರ್, ಉಳಿದದ್ದು ಬರೆಯಿರಿ" ಎಂದರು.

ಮೊಮ್ಮಗಳ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ. ನನ್ನ ತೀರ್ಮಾನ ಹೀಗಿದೆ. ಬೆಂಕಿಯ ಮೇಲಿಡುವ ಅಗತ್ಯವಿದ್ದು, ದಿನಗಟ್ಟಲೆ ನಡೆಯುವವರಾದರೆ ಟೈಟಾನಿಯಂ. ಫ್ಲಾಸ್ಕಿನ ಕಾಫಿಗೆ, ಅತಿ ಹಗುರವೇ ಬೇಕೆನ್ನುವವರಿಗೆ, ಬಿಸಿ ಪದಾರ್ಥಕ್ಕೆಂದೇ ತಯಾರಿಸಿದ, ಮತ್ತೆ ಮತ್ತೆ ಬಳಸಬಹುದಾದ ಪಾಲಿಪ್ರೊಪಿಲೀನ್ ಲೋಟ. ನನ್ನಂಥವರಿಗೆ ಮನೆಯ ಸಣ್ಣ ಸ್ಟೀಲ್ ಲೋಟವೇ ಸಾಕು. ಪ್ಲಾಸ್ಟಿಕ್ಕಿಗಿಂತ 45 ಗ್ರಾಂ ಹೆಚ್ಚಾದರೇನಂತೆ? ಬಿದ್ದರೆ ಒಡೆಯದು, ಹೊರಚಾಚಿದ ಅಂಚು ನಡುಗುವ ಬೆರಳಿಗೆ ಆಸರೆ, ಹಿಂದಿನ ದಿನದ ಕಾಫಿಯ ವಾಸನೆ ಉಳಿಸಿಕೊಳ್ಳದು. ಅಲ್ಯೂಮಿನಿಯಂ ಮಾತ್ರ ಬೇಡ. ಈ ವಿಷಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ಸಾಕ್ಷ್ಯವೇ ಸಾಕಷ್ಟಿದೆ. ಕರಟದ ಮುಂದೆ 60 ಗ್ರಾಂ ಎಂದು ಬರೆದಿದ್ದೇನೆ. ಸ್ಥಾನ ಕೊಟ್ಟಿಲ್ಲ. ಅದನ್ನು ಆರಿಸಿಕೊಳ್ಳುವವರು ಸಂತೋಷದಿಂದ ಆರಿಸಿಕೊಳ್ಳಲಿ. ಆರಿಸಿಕೊಳ್ಳುವ ಅವಕಾಶವೇ ಇಲ್ಲದೆ ಅದರಲ್ಲಿ ಕುಡಿದವರಿದ್ದರೆಂಬುದು ತಿಳಿದಿರಲಿ.

ನಿನ್ನೆ ಸಂಜೆ ಪೇಟೆಗೆ ಹೋಗಿ ಎರಡು ಸ್ಟೀಲ್ ಲೋಟ ಕೊಂಡೆ. ಒಂದು ನನಗೆ, ಇನ್ನೊಂದು ಅವರಿಗೆ. ಪಾತ್ರೆ ಅಂಗಡಿಯ ಹುಡುಗ ಹೆಸರು ಕೆತ್ತುವ ಯಂತ್ರವನ್ನು ಕೈಗೆತ್ತಿಕೊಂಡು, ನಮ್ಮ ಕಡೆಯ ಪದ್ಧತಿಯಂತೆ, "ಹೆಸರು ಹಾಕ್ಬೇಕಾ ಸಾರ್? ದುಡ್ಡೇನಿಲ್ಲ" ಎಂದು ಕೇಳಿದ.

ಬೇಡವೆಂದೆ. ಬೆಟ್ಟದ ಮೇಲೆ ಯಾವುದು ಯಾರದೆಂದು ಗೊತ್ತಾಗದಿದ್ದರೆ ಒಳ್ಳೆಯದು.